ಸೆಟ್‌ನಲ್ಲಿ ಸಂಕೋಚಪಡುವ ನಟಿಯ ಜೊತೆ ಕೆಲಸ ಮಾಡುವಾಗ

ಹೊಸ ನಟಿ ಮುದುಡಿ ಕೂತಿದ್ದರೆ ನಾಲ್ಕು ಜನ ಬಂದು "ಧೈರ್ಯವಾಗಿರಿ, ಫ್ರೀಯಾಗಿ ಮಾಡಿ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಮಾತು ಕೇಳಿದೊಡನೆ ಆಕೆಯ ಗಮನ ಪಾತ್ರದಿಂದ ಜಾರಿ ತನ್ನ ಮೇಲೆಯೇ ಬೀಳುತ್ತದೆ, ಸಂಕೋಚ ಇನ್ನೂ ಬಲಿಯುತ್ತದೆ. ಅದರ ಬದಲು ಮಾಡಲು ಒಂದು ಕೆಲಸ ಕೊಡಿ.

ಮೊದಲು ಕೆಡುವುದು ಉಸಿರು. "ಆಕ್ಷನ್" ಕೇಳಿದಾಗ ಉಸಿರು ಬಿಗಿಹಿಡಿದರೆ ಗಂಟಲು ಬಿಗಿಯುತ್ತದೆ, ದನಿ ಏರುತ್ತದೆ, ಡೈಲಾಗಿನ ಕೊನೆಯ ಪದ ನುಂಗಿಹೋಗುತ್ತದೆ. ಕ್ಯಾಮೆರಾ ರೋಲ್ ಆಗುವ ಮೊದಲೇ 4 ಎಣಿಸುತ್ತ ಉಸಿರೆಳೆದು 6 ಎಣಿಸುತ್ತ ಬಿಡಲಿ, ಎರಡು ಮೂರು ಸಲ. ಕೈ ನಡುಗುತ್ತಿದ್ದರೆ ಮಡಚಲು ಬಟ್ಟೆಯೋ ಹಿಡಿಯಲು ಲೋಟವೋ ಇರಲಿ. ಆದರೆ ಯಾವ ಪದಕ್ಕೆ ಲೋಟ ಇಟ್ಟರು ಎಂಬುದನ್ನು ಕಂಟಿನ್ಯೂಟಿಗಾಗಿ, ಅಂದರೆ ಎಲ್ಲ ಶಾಟ್‌ಗಳಲ್ಲೂ ಅದು ಒಂದೇ ರೀತಿ ಇರುವಂತೆ, ಬರೆದಿಟ್ಟುಕೊಳ್ಳಿ.

ಆಮೇಲೆ ಕಣ್ಣು. ತಲೆ ತಗ್ಗಿದರೆ ಕಣ್ಣಲ್ಲಿ ಹೊಳೆಯುವ ಲೈಟಿನ ಚುಕ್ಕೆ ಮಾಯವಾಗುತ್ತದೆ, ಕ್ಲೋಸಪ್‌ನಲ್ಲಿ ಮುಖ ಮಂಕಾಗುತ್ತದೆ. ಎಷ್ಟೋ ಸಲ ತಲೆ ತಗ್ಗುವುದು ನಾಚಿಕೆಗಲ್ಲ, ಎಲ್ಲಿ ನಿಲ್ಲಬೇಕೆಂದು ತೋರಿಸಲು ನೆಲಕ್ಕೆ ಅಂಟಿಸಿದ ಟೇಪ್ ಮಾರ್ಕ್ ಹುಡುಕುವುದಕ್ಕೆ! ಮಾರ್ಕ್ ಮೇಲೆ ನಿಲ್ಲಿಸಿ, ಶುರುವಿನ ಜಾಗದವರೆಗೆ ಹಿಂದಕ್ಕೆ ಹೆಜ್ಜೆ ಎಣಿಸಲು ಹೇಳಿ. ಐದು ಹೆಜ್ಜೆಯಾದರೆ ಶಾಟ್‌ನಲ್ಲೂ ಐದೇ. ಮೂರು ರಿಹರ್ಸಲ್‌ಗೆ ಕಾಲಿಗೆ ಅಭ್ಯಾಸವಾಗುತ್ತದೆ, ನೆಲ ನೋಡುವ ಅಗತ್ಯವಿರುವುದಿಲ್ಲ. ಎದುರಿನ ನಟನ ಎರಡೂ ಕಣ್ಣು ನೋಡಲು ಹೋದರೆ ದೃಷ್ಟಿ ಅತ್ತಿತ್ತ ಓಡುತ್ತದೆ. ಕ್ಯಾಮೆರಾಗೆ ಹತ್ತಿರವಿರುವ ಒಂದೇ ಕಣ್ಣು ಸಾಕು.

ಶಾಟ್ ನಡೆಯುವಾಗ ಆಕೆ ನೋಡುವ ದಿಕ್ಕಿನಲ್ಲಿ ಎದುರಿನ ನಟನ ಹೊರತು ಯಾರೂ ನಿಲ್ಲಬಾರದು. ಇದು ಹೊಸಬರಿಗೆ ಮಾತ್ರ ಬೇಕಾದ ಅನುಕೂಲವಲ್ಲ. ಹಾಲಿವುಡ್‌ನ ಹಳೆಯ ಕಾಲದ ನಟಿ ಗ್ರೇಟಾ ಗಾರ್ಬೊ ಅಷ್ಟು ದೊಡ್ಡ ತಾರೆಯಾಗಿದ್ದಾಗಲೂ ಕೆಲಸಗಾರರು ಕಾಣದಂತೆ ಸೆಟ್‌ನಲ್ಲಿ ಕಪ್ಪು ಪರದೆ ಹಾಕಿಸುತ್ತಿದ್ದರು.

ನಮ್ಮ ಪ್ರಕಾರ ಆತ್ಮವಿಶ್ವಾಸ ಅತಿ ಹೆಚ್ಚು ಕುಸಿಯುವುದು "ಕಟ್" ಆದ ಮೇಲಿನ ಮೌನದಲ್ಲಿ. ನಿರ್ದೇಶಕರೂ ಕ್ಯಾಮೆರಾಮನ್ನೂ ಮಾನಿಟರ್ ಮುಂದೆ ಪಿಸುಗುಟ್ಟುತ್ತಾರೆ, "ಒನ್ ಮೋರ್" ಎಂಬ ಕೂಗು ಬರುತ್ತದೆ. ಫೋಕಸ್ ತಪ್ಪಿರಬಹುದು, ಮೈಕ್‌ಗೆ ಸೆರಗು ಉಜ್ಜಿರಬಹುದು. ದೀಪದ ಕೆಳಗೆ ಒಬ್ಬಳೇ ನಿಂತ ಆಕೆಗೆ ಮಾತ್ರ ತಪ್ಪೆಲ್ಲ ತನ್ನದೇ ಅನಿಸುತ್ತದೆ; ಮುಂದಿನ ಟೇಕ್‌ನಲ್ಲಿ ಸರಿಯಿದ್ದದ್ದನ್ನೇ ಬದಲಾಯಿಸಿಬಿಡುತ್ತಾಳೆ. "ಫೋಕಸ್ ಹೋಯ್ತು ಮೇಡಂ, ನಿಮ್ಮದು ಹಾಗೇ ಇರಲಿ" ಎಂದು ಅಸಿಸ್ಟೆಂಟ್ ಡೈರೆಕ್ಟರ್ ತಕ್ಷಣ ಹೇಳಬೇಕು. ತಪ್ಪು ಆಕೆಯದೇ ಆದರೆ ಒಂದೇ ತಿದ್ದುಪಡಿ, ಹತ್ತಿರ ಹೋಗಿ, ಮೆಲ್ಲಗೆ. ಪ್ರತಿ ಟೇಕ್ ಆದಮೇಲೆ ಮಾನಿಟರ್ ತೋರಿಸಬೇಡಿ. ತನ್ನ ಮುಖ ಹೇಗೆ ಕಾಣುತ್ತದೆಂದು ಗಮನಿಸುತ್ತ ಕೂತರೆ ಪಾತ್ರ ಕೈಬಿಡುತ್ತದೆ.

ಶೆಡ್ಯೂಲ್ ಹಾಕುವಾಗ ಮೊದಲ ದಿನವೇ ಅಳುವ ದೃಶ್ಯ ಇಡಬೇಡಿ. ಬಾಗಿಲು ತೆರೆದು ಬರುವುದು, ನಡೆಯುವುದು, ಹೀಗೆ ಮಾತು ಕಡಿಮೆಯಿರುವ ಶಾಟ್‌ಗಳು ಮೊದಲಿರಲಿ.

ಆಪ್ತ ದೃಶ್ಯದ ವಿಷಯ ಬೇರೆ. ಯಾವ ಉಡುಪು, ಎಲ್ಲಿ ಮುಟ್ಟಬಹುದು, ಕೋಣೆಯಲ್ಲಿ ಯಾರಿರುತ್ತಾರೆ ಎಂಬುದೆಲ್ಲ ಮೊದಲೇ ಮಾತಾಗಿ ಬರಹದಲ್ಲಿರಬೇಕು. ಆಗ ಆಕೆ "ಬೇಡ" ಅಂದರೆ ಅದನ್ನು ನಾಚಿಕೆ ಎಂದು ತಿಳಿದು ಒಲಿಸಲು ಹೋಗಬೇಡಿ. ಶಾಟ್ ಬದಲಾಯಿಸಿ.