ಕ್ಯಾಂಪರ್ ಪೆಟ್ಟಿಗೆಗೆ ಪ್ಯಾನೆಲ್ ಆಯ್ಕೆ: ತಿರುಳು, ಹೊದಿಕೆ ಮತ್ತು ಅಂಚು

ವಾಹನದ ಚಾಸಿಯ ಮೇಲೆ ಕೂರಬೇಕಾದ ಕೆಳಚೌಕಟ್ಟಿನ ನಕ್ಷೆ ಅಂತಿಮವಾಗಿರುವುದರಿಂದ, ಈಗ ಅದರ ಮೇಲೆ ಬರುವ ಕ್ಯಾಂಪರ್ ಪೆಟ್ಟಿಗೆಯ, ಅಂದರೆ ಪ್ರಯಾಣದಲ್ಲಿ ತಂಗುವ ಪುಟ್ಟ ಕೋಣೆಯ ಗೋಡೆ, ಚಾವಣಿ ಮತ್ತು ನೆಲಕ್ಕೆ ಯಾವ ಉಷ್ಣನಿರೋಧಕ ಪ್ಯಾನೆಲ್ ಬಳಸಬೇಕೆಂಬುದನ್ನು ತೀರ್ಮಾನಿಸಬೇಕಾಗಿತ್ತು. ಪೆಟ್ಟಿಗೆಯ ಉದ್ದ 3.2 ಮೀಟರ್, ಅಗಲ 2 ಮೀಟರ್, ಎತ್ತರ 1.9 ಮೀಟರ್, ಆರೂ ಮುಖಗಳನ್ನು ಕೂಡಿದರೆ ಸುಮಾರು 32.5 ಚದರ ಮೀಟರ್ ಆಗುತ್ತದೆ. ಪ್ರತಿ ಚದರ ಮೀಟರಿಗೆ ಒಂದು ಕಿಲೋ ಹೆಚ್ಚಾದರೂ ವಾಹನದ ಮೇಲೆ ಮೂವತ್ತೆರಡು ಕಿಲೋ ಹೆಚ್ಚುತ್ತದೆಯಾದ್ದರಿಂದ, ಮೊದಲ ಸೋಸುವಿಕೆಯನ್ನು ತೂಕದಿಂದಲೇ ಆರಂಭಿಸಿದೆ.

ಕಟ್ಟಡಗಳ ಚಾವಣಿಗೆ ಬಳಸುವ ಉಕ್ಕಿನ ಹೊದಿಕೆಯ ಪ್ಯಾನೆಲ್ ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಅದನ್ನೇ ಮೊದಲು ಪರಿಶೀಲಿಸಿದೆ. ಎರಡೂ ಬದಿಗೆ ಅರ್ಧ ಮಿಲಿಮೀಟರ್ ಉಕ್ಕು, ನಡುವೆ 50 ಮಿಲಿಮೀಟರ್ ಫೋಮ್ ಇರುವ ಹಲಗೆ ಚದರ ಮೀಟರಿಗೆ ಸುಮಾರು 10 ಕಿಲೋ ತೂಗುತ್ತದೆ. 1.5 ಮಿಲಿಮೀಟರ್ ಎಫ್‌ಆರ್‌ಪಿ (ನಾರು ಬಲಪಡಿಸಿದ ಪ್ಲಾಸ್ಟಿಕ್) ಹೊದಿಕೆಗಳ ನಡುವೆ 40 ಮಿಲಿಮೀಟರ್ ಎಕ್ಸ್‌ಪಿಎಸ್ (ಪಾಲಿಸ್ಟೈರೀನ್) ಫೋಮ್ ಇರುವ ಪ್ಯಾನೆಲ್ ಅಂಟಿನ ತೂಕವನ್ನೂ ಸೇರಿಸಿ 7 ಕಿಲೋ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಡೀ ಪೆಟ್ಟಿಗೆಗೆ ಇವೆರಡರ ವ್ಯತ್ಯಾಸ 95 ಕಿಲೋಗೂ ಹೆಚ್ಚು. ಅಷ್ಟು ತೂಕವನ್ನು ಕುಡಿಯುವ ನೀರಿಗೆ ಮೀಸಲಿಡುವುದೇ ಲೇಸು. ಒಂದು ಮಿಲಿಮೀಟರ್ ಅಲ್ಯುಮಿನಿಯಮ್ ಹೊದಿಕೆಯ ತೂಕ ಎಫ್‌ಆರ್‌ಪಿಗೆ ಸರಿಸಮನಾಗಿಯೇ ಇದ್ದರೂ, ಕೊಂಬೆ ತಗುಲಿದರೆ ಅದು ತಗ್ಗಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.

ತಿರುಳಿನ, ಅಂದರೆ ನಡುವಿನ ಫೋಮಿನ ವಿಷಯದಲ್ಲಿ ಎಲ್ಲರ ಕಣ್ಣು ಮೊದಲು ಬೀಳುವುದು ಉಷ್ಣವಾಹಕತೆಯ ಅಂಕಿಯ ಮೇಲೆ; ಅದು ಕಡಿಮೆಯಿದ್ದಷ್ಟೂ ಶಾಖ ಕಡಿಮೆ ಸೋರುತ್ತದೆ. ಎಕ್ಸ್‌ಪಿಎಸ್‌ಗೆ ಅದು ಮೀಟರ್-ಕೆಲ್ವಿನ್‌ಗೆ ಸುಮಾರು 0.033 ವ್ಯಾಟ್, ಪಿಯು (ಪಾಲಿಯುರೆಥೇನ್) ಫೋಮಿಗೆ ಸುಮಾರು 0.025. ಗೋಡೆಗೆ ತಾಗಿದ ಗಾಳಿಪದರ ಶಾಖಕ್ಕೆ ಒಡ್ಡುವ ತಡೆಯನ್ನೂ (ಮೇಲ್ಮೈ ರೋಧ) ಸೇರಿಸಿ, ಒಳಗೂ ಹೊರಗೂ 30 ಡಿಗ್ರಿ ಅಂತರವಿದೆಯೆಂದು ಲೆಕ್ಕ ಹಾಕಿದರೆ, 40 ಮಿಲಿಮೀಟರ್ ದಪ್ಪದಲ್ಲಿ ಎಕ್ಸ್‌ಪಿಎಸ್ ಪೆಟ್ಟಿಗೆ ಸುಮಾರು 700 ವ್ಯಾಟ್, ಪಿಯು ಪೆಟ್ಟಿಗೆ ಸುಮಾರು 550 ವ್ಯಾಟ್ ಶಾಖವನ್ನು ಸೋರಿಸುತ್ತದೆ. ಈ 150 ವ್ಯಾಟ್ ದೊಡ್ಡದಾಗಿ ಕಾಣುವುದು ನಿಜ. ಆದರೆ ಒಂದೇ ಪದರದ ಗಾಜು ಹಾಕಿದ ಒಂದು ಚದರ ಮೀಟರ್ ಕಿಟಕಿ ಇದೇ ಅಂತರದಲ್ಲಿ 170 ವ್ಯಾಟ್‌ನಷ್ಟು ಕಳೆದುಕೊಳ್ಳುತ್ತದೆ. ಪಿಯು ಫೋಮಿನ ಗುಳ್ಳೆಗಳಲ್ಲಿರುವ ಅನಿಲ ವರ್ಷಗಳು ಕಳೆದಂತೆ ಹೊರಹೋಗಿ ಗಾಳಿ ಒಳಸೇರುವುದರಿಂದ ಆ ಅಂಕಿಯೂ ಕ್ರಮೇಣ ಏರುತ್ತದೆ. ಹೀಗಾಗಿ, ಫೋಮಿನ ಜಾತಿಗಿಂತ ಕಿಟಕಿ, ಅಂಚು ಮತ್ತು ಕೀಲುಗಳ ಕಡೆಗೇ ನನ್ನ ಹೆಚ್ಚಿನ ಗಮನ ಹರಿಯಿತು.

ಪ್ಯಾನೆಲ್‌ನೊಳಗೆ ಮರದ ರೀಪುಗಳ ಚೌಕಟ್ಟು ಕೂರಿಸುವ ಪದ್ಧತಿ ವ್ಯಾಪಕವಾಗಿದೆ. ಮರದ ಉಷ್ಣವಾಹಕತೆ ಸುಮಾರು 0.13, ಅಂದರೆ ಎಕ್ಸ್‌ಪಿಎಸ್‌ನ ನಾಲ್ಕು ಪಟ್ಟು. ಗೋಡೆಯ ಹತ್ತನೇ ಒಂದು ಭಾಗದಲ್ಲಿ ಮರವಿದ್ದರೆ ಫೋಮ್ ಪದರದ ಸರಾಸರಿ ಉಷ್ಣವಾಹಕತೆ ಶೇಕಡ 30ರಷ್ಟು ಏರುತ್ತದೆ. ಪಿಯುಗೆ ಹೆಚ್ಚು ಹಣ ತೆತ್ತು ಪಡೆದ ಲಾಭವೆಲ್ಲ ಅಲ್ಲಿಗೇ ಮುಗಿಯಿತು. ಅಲ್ಯುಮಿನಿಯಮ್ ಚೌಕಟ್ಟಿನ ಮಾತಂತೂ ಬೇಡವೇ ಬೇಡ: ಚಳಿಯಲ್ಲಿ ಚೌಕಟ್ಟಿನ ಕೊಳವೆ ಹಾದುಹೋದ ಜಾಗವನ್ನೆಲ್ಲ ಒಳಗೋಡೆಯ ಮೇಲೆ ಹನಿಗಳ ಸಾಲೇ ತೋರಿಸಿಕೊಡುತ್ತದೆ. ಇಷ್ಟಕ್ಕೂ ಎರಡು ಹೊದಿಕೆಗಳನ್ನು ಫೋಮಿಗೆ ಗಟ್ಟಿಯಾಗಿ ಅಂಟಿಸಿದ ಹಲಗೆಗೆ ಚೌಕಟ್ಟಿನ ಅಗತ್ಯವೇ ಇಲ್ಲ, ಏಕೆಂದರೆ ಅದರ ಬಾಗುಬಿಗಿತ ಹೊದಿಕೆಗಳ ನಡುವಿನ ಅಂತರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ತಿರುಳನ್ನು 25ರಿಂದ 40 ಮಿಲಿಮೀಟರಿಗೆ ಏರಿಸಿದರೆ ಬಿಗಿತ ಸುಮಾರು ಎರಡೂವರೆ ಪಟ್ಟಾಗುತ್ತದೆ, ತೂಕವಾದರೋ ಚದರ ಮೀಟರಿಗೆ ಅರ್ಧ ಕಿಲೋ ಮಾತ್ರ ಹೆಚ್ಚುತ್ತದೆ. ಬಾಗಿಲಿನ ಕೀಲು ಮತ್ತು ಮಂಚದ ಆಧಾರಗಳು ಬರುವ ಕಡೆ ಮಾತ್ರ ಹೆಚ್ಚು ಸಾಂದ್ರತೆಯ ಪಿಯು ತುಂಡುಗಳನ್ನು ಒಳಗೆ ಹುದುಗಿಸಲು ಹೇಳಿದ್ದೇನೆ.

ಎಕ್ಸ್‌ಪಿಎಸ್‌ಗೆ ಒಂದು ನಿಜವಾದ ದೌರ್ಬಲ್ಯವಿದೆ. ಸುಮಾರು 75 ಡಿಗ್ರಿ ಸೆಲ್ಸಿಯಸ್‌ನಿಂದಾಚೆಗೆ ಅದು ಮೃದುವಾಗತೊಡಗುತ್ತದೆ. ಗಾಢ ಬಣ್ಣ ಬಳಿದ ಚಾವಣಿ ಕಡುಬಿಸಿಲಿನಲ್ಲಿ ಆ ಮಟ್ಟವನ್ನು ಮುಟ್ಟಬಲ್ಲದು. ಆದ್ದರಿಂದ ಚಾವಣಿಗೆ ಮಾತ್ರ 50 ಮಿಲಿಮೀಟರ್ ಪಿಯು, ಗೋಡೆಗಳಿಗೆ 40 ಮಿಲಿಮೀಟರ್ ಎಕ್ಸ್‌ಪಿಎಸ್, ಹೊರಮೈಯೆಲ್ಲ ಬಿಳಿ ಎಂದು ನಿರ್ಧರಿಸಿದೆ. ಬೂದು ಬಣ್ಣ ನೋಡಲು ಚೆನ್ನಾಗಿರುತ್ತಿತ್ತು, ಇರಲಿ. ನೆಲಕ್ಕೂ ಎಕ್ಸ್‌ಪಿಎಸ್ಸೇ ಸಾಕು, ಆದರೆ ಕುರ್ಚಿಯ ಕಾಲಿನಂಥ ಬಿಂದುಭಾರ ತೆಳು ಹೊದಿಕೆಯನ್ನು ಒಳಕ್ಕೆ ಅದುಮುತ್ತದೆಯಾದ್ದರಿಂದ ಅಲ್ಲಿ ಮೇಲ್ಪದರಕ್ಕೆ 9 ಮಿಲಿಮೀಟರ್ ಪ್ಲೈವುಡ್ ಬರಲಿದೆ.

ಹಲಗೆಗಳನ್ನು ಮನೆಯಲ್ಲೇ ಒತ್ತಬೇಕೆಂಬ ಆಸೆಯನ್ನು ಬಿಟ್ಟು, ಸಿದ್ಧ ಪ್ಯಾನೆಲ್‌ಗಳನ್ನೇ ಕೊಳ್ಳುತ್ತಿದ್ದೇನೆ. ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್ ಎಕ್ಸ್‌ಪಿಎಸ್ ಫೋಮನ್ನು ಕರಗಿಸಿಬಿಡುವುದರಿಂದ ಎಪಾಕ್ಸಿ ಇಲ್ಲವೇ ಪಿಯು ಅಂಟು ಬೇಕು. ಅದು ಹಿಡಿಯಲು ಇಡೀ ಗೋಡೆಯ ಮೇಲೆ ನಿರ್ವಾತದ ಒತ್ತಡವೂ ಸಮನಾಗಿ ಬೀಳಬೇಕು, ಅರ್ಧ ನಿರ್ವಾತದಲ್ಲೇ ಚದರ ಮೀಟರಿಗೆ ಐದು ಟನ್. ಕೊಳ್ಳುವವರಿಗೂ ಒಂದು ಸರಳ ಪರೀಕ್ಷೆ ಸಾಧ್ಯ. ಮಾದರಿ ತುಂಡಿನ ಮೂಲೆಯಲ್ಲಿ ಉಳಿ ತೂರಿಸಿ ಹೊದಿಕೆಯನ್ನು ಎಬ್ಬಿಸಿದಾಗ ಫೋಮೇ ಹರಿದು ಹೊದಿಕೆಗೆ ಅಂಟಿಕೊಂಡು ಬಂದರೆ ಬೆಸುಗೆ ಗಟ್ಟಿಯಾಗಿದೆ. ಹೊದಿಕೆ ನುಣ್ಣಗೆ ಬಿಟ್ಟುಬಂದರೆ ಆ ಹಲಗೆ ಬಿಸಿಲು, ಚಳಿ ಮತ್ತು ರಸ್ತೆಯ ಕಂಪನದಲ್ಲಿ ಬಾಳುವುದಿಲ್ಲ. ತಂದ ಮಾದರಿಗಳಲ್ಲಿ ಒಂದನ್ನು ಈ ಕಾರಣಕ್ಕೇ ಪಟ್ಟಿಯಿಂದ ತೆಗೆದೆ. ಅದರ ಉಷ್ಣವಾಹಕತೆಯ ಅಂಕಿ ಎಲ್ಲಕ್ಕಿಂತ ಚೆನ್ನಾಗಿತ್ತು.

ಮೂಲೆಗಳಲ್ಲಿ ಒಳಗೂ ಹೊರಗೂ ಎಫ್‌ಆರ್‌ಪಿ ಕೋನಪಟ್ಟಿಗಳು ಬರುತ್ತವೆ. ಅವುಗಳನ್ನು ಸ್ಕ್ರೂ ಹಾಕದೆ, ಎರಡು ಮೂರು ಮಿಲಿಮೀಟರ್ ದಪ್ಪದ ಪಿಯು ಅಂಟಿನಲ್ಲಿ ಕೂರಿಸುತ್ತೇನೆ. ಹಿಗ್ಗುವಿಕೆ ಕುಗ್ಗುವಿಕೆಗಳನ್ನು ತಾಳಿಕೊಳ್ಳಲು ಅಂಟಿಗೆ ಅಷ್ಟು ದಪ್ಪ ಬೇಕು. ಗೋಡೆ ಮತ್ತು ಚಾವಣಿಯ ಅಳತೆಗಳನ್ನು ಕಳಿಸಿಯಾಗಿದೆ. ಕಿಟಕಿಗಳ ರಂಧ್ರಗಳ ಮೂಲೆಗಳನ್ನು ದುಂಡಗೆ ಕತ್ತರಿಸಬೇಕೆಂದೂ, ಚೂಪು ಮೂಲೆಯಿಂದ ಹೊದಿಕೆಯ ಬಿರುಕು ಶುರುವಾಗುತ್ತದೆಂದೂ ನಕ್ಷೆಯಲ್ಲೇ ಬರೆದಿದ್ದೇನೆ. ಬಾಗಿಲಿನ ಸುತ್ತ ಫೋಮ್ ತೆರೆದುಕೊಳ್ಳುವ ಅಂಚನ್ನು ಯಾವ ಪಟ್ಟಿಯಿಂದ ಮುಚ್ಚಬೇಕೆಂಬುದು ಮಾತ್ರ ಇನ್ನೂ ಬಾಕಿಯಿದೆ. ಬಾಗಿಲಿನ ರಬ್ಬರ್ ಸೀಲ್ ಕೈಸೇರಿ ಅದರ ದಪ್ಪ ತಿಳಿದ ಮೇಲೆ ಆ ಅಳತೆಯನ್ನು ಕೊಡುತ್ತೇನೆ.