ವಾರಮ್ ಪರ್ಸಿ: ರೈತನ ಮನೆಯಡಿ ಸಿಕ್ಕ ಒಡೆಯನ ಮನೆ

ವಾರಮ್ ಪರ್ಸಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಜನರಿಲ್ಲದೆ ಪಾಳುಬಿದ್ದ ಮಧ್ಯಯುಗದ ಹಳ್ಳಿ. ಯಾರ್ಕ್–ಸ್ಕಾರ್ಬರೋ ರೈಲಿನಲ್ಲಿ ಬಂದು ಮಾಲ್ಟನ್‌ನಲ್ಲಿ ಇಳಿದರೆ, ಅಲ್ಲಿಂದ ಇಲ್ಲಿಗೆ ರಸ್ತೆಯಲ್ಲಿ ಸುಮಾರು 10 ಕಿ.ಮೀ. ಕಾರು ನಿಲ್ಲಿಸಿದ ಮೇಲೂ ಒಂದು ಕಿ.ಮೀ.ಗಿಂತ ತುಸು ಹೆಚ್ಚು ನಡೆಯಬೇಕು. ದಾರಿ ಇಳಿಜಾರು, ಉಬ್ಬುತಗ್ಗು. ಮಳೆಯಾದ ಮರುದಿನ ಕೆಸರು ಬೂಟಿಗೆ ಮೆತ್ತಿಕೊಂಡು ಕಾಲು ಜಾರುತ್ತದೆ. ಜಾಗ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಉಸ್ತುವಾರಿಯಲ್ಲಿದೆ, ಟಿಕೆಟ್ ಇಲ್ಲ. ನೀರು, ಬುತ್ತಿ ಕಟ್ಟಿಕೊಂಡೇ ಹೋಗಿ. ದನ ಮೇಯುತ್ತಿರುತ್ತವೆ, ದಾಟಿದ ಗೇಟನ್ನು ಮರೆಯದೆ ಮುಚ್ಚಿ.

ಎಷ್ಟು ಹೊತ್ತಿಗೆ ಹೋಗುತ್ತೀರಿ ಎನ್ನುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಬೇಸಿಗೆಯ ನಡುಮಧ್ಯಾಹ್ನ ಹೋದವರಿಗೆ ಕಾಣುವುದು ಪಾಳುಬಿದ್ದ ಸೇಂಟ್ ಮಾರ್ಟಿನ್ ಚರ್ಚು, ಒಂದು ಕೊಳ ಮತ್ತು ಹುಲ್ಲು. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ, ಅದರಲ್ಲೂ ಹುಲ್ಲು ಗಿಡ್ಡವಾಗಿರುವ ಚಳಿಗಾಲದಲ್ಲಿ, ಒಂದಡಿ ಎತ್ತರದ ದಿಬ್ಬಕ್ಕೂ ನೆರಳು ಮೂಡುತ್ತದೆ. ಆಗ ತಗ್ಗಿದ ಬೀದಿ, ಅದರ ಪಕ್ಕದ ಮನೆಗಳ ಸಾಲು, ಪ್ರತಿ ಮನೆಯ ಹಿಂದಿನ ಹಿತ್ತಿಲು ಎಲ್ಲವೂ ನೆಲದಲ್ಲೇ ಬರೆದಂತೆ ಕಾಣುತ್ತದೆ.

ನಮ್ಮ ಕಂದಾಯ ದಾಖಲೆಗಳಲ್ಲಿ ಇಂಥ ಊರನ್ನು ಬೇಚರಾಕ್ ಗ್ರಾಮ ಎನ್ನುತ್ತಾರೆ, ದೀಪ ಹಚ್ಚುವವರಿಲ್ಲದ ಊರು. ವಾರಮ್ ಪರ್ಸಿಯನ್ನು ಪ್ಲೇಗ್ ಒಂದೇ ಸಲಕ್ಕೆ ನುಂಗಿತು ಎಂದು ಬಹಳ ಮಂದಿ ನಂಬುತ್ತಾರೆ, ಅದು ತಪ್ಪು. 1348–49ರ ಪ್ಲೇಗಿನ ನಂತರವೂ ಜನ ಇಲ್ಲಿ ನೂರೈವತ್ತು ವರ್ಷ ಬಾಳಿದರು. ಕೊನೆಯ ಒಕ್ಕಲುಗಳನ್ನು 1500ರ ಆಸುಪಾಸಿನಲ್ಲಿ ಎಬ್ಬಿಸಿ, ಉಳುವ ಭೂಮಿಯನ್ನು ಕುರಿಗಾವಲು ಮಾಡಲಾಯಿತು. ಉಣ್ಣೆ ಧಾನ್ಯಕ್ಕಿಂತ ಲಾಭದ್ದು, ಕುರಿಗೆ ಕೂಲಿಯಾಳುಗಳೂ ಹೆಚ್ಚು ಬೇಡ.

ಲೀಡ್ಸ್ ವಿಶ್ವವಿದ್ಯಾಲಯದ ಆರ್ಥಿಕ ಇತಿಹಾಸಕಾರ ಮಾರಿಸ್ ಬೆರೆಸ್‌ಫೋರ್ಡ್ 1950ರಲ್ಲಿ ಇಲ್ಲಿ ಅಗೆಯತೊಡಗಿದರು. ಆಗಿನ ರೂಢಿಯೆಂದರೆ ಗೋಡೆ ಸಿಕ್ಕಿದೊಡನೆ ಅದರ ಗುಂಟ ಕಿರಿದಾದ ಕಾಲುವೆ ತೋಡುತ್ತ ಹೋಗುವುದು. ಮನೆಯ ಅಳತೆ ಬೇಗ ಸಿಗುತ್ತದೆ, ನಿಜ. ಆದರೆ ಗೋಡೆಗೂ ಒಳಗಿನ ನೆಲಕ್ಕೂ ಇರುವ ಸಂಬಂಧ ಸರಿಯಾಗಿ ಆ ಕಾಲುವೆಯಲ್ಲೇ ಕಡಿದುಹೋಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ಮತ್ತೆ ದಾರಿಯಿಲ್ಲ. ಮುಂದೆ ಜೊತೆಗೂಡಿದ ಪುರಾತತ್ವಜ್ಞ ಜಾನ್ ಹರ್ಸ್ಟ್ ಡೆನ್ಮಾರ್ಕಿನ ಆಕ್ಸೆಲ್ ಸ್ಟೀನ್ಸ್‌ಬರ್ಗ್ ಅವರ ಕ್ರಮ ತಂದರು. ಇಡೀ ಮನೆಯ ಜಾಗವನ್ನು ಒಟ್ಟಿಗೆ ತೆರೆದು, ಹುಲ್ಲಿನ ಹೊದಿಕೆ ತೆಗೆದು, ಪ್ರತಿ ಕಲ್ಲನ್ನೂ ನಕಾಶೆಗೆ ಇಳಿಸಿ, ಆಮೇಲೆ ಒಂದೊಂದೇ ಪದರ ಬಿಡಿಸುವುದು. ಬಲು ನಿಧಾನದ ಕೆಲಸ. ವರ್ಷಕ್ಕೆ ಮೂರೇ ವಾರ, ಜುಲೈನಲ್ಲಿ ಮಾತ್ರ. ಹಾಗೆ 1990ರವರೆಗೆ ನಡೆಯಿತು.

ಅದರ ಫಲ ಸಿಕ್ಕಿದ್ದು ದಿಬ್ಬದ ಮೇಲಿನ ಪಶ್ಚಿಮದ ಮನೆಸಾಲಿನಲ್ಲಿ, ಹತ್ತನೆಯ ಸಂಖ್ಯೆ ಕೊಟ್ಟ ಜಾಗದಲ್ಲಿ. ಮೇಲೆ ಇದ್ದದ್ದು ಸಾಮಾನ್ಯ ರೈತನ ಮನೆ. ಅದರ ಪದರಗಳನ್ನು ಬಿಡಿಸುತ್ತ ಹೋದಂತೆ ಕೆಳಗೆ ಕಲ್ಲಿನ ನೆಲಮಾಳಿಗೆಯೊಂದು ಬಾಯಿ ತೆರೆಯಿತು. 12ನೇ ಶತಮಾನದ ಕೊನೆಯ ಭಾಗದ ಮ್ಯಾನರ್ ಹೌಸಿನ, ಅಂದರೆ ಊರ ಒಡೆಯನ ಮನೆಯ, ತಳ ಅದು: ಕೆಳಗೆ ಉಗ್ರಾಣ, ಅದರ ಮೇಲೆ ಒಡೆಯನ ಖಾಸಗಿ ಕೋಣೆ. 13ನೇ ಶತಮಾನದಲ್ಲಿ ಮನೆ ಕೈಬಿಟ್ಟು ಹೋಗಿ, ನೆಲಮಾಳಿಗೆಗೆ ಮಣ್ಣು ತುಂಬಿ, ನಿವೇಶನ ರೈತರ ಪಾಲಾಯಿತು. ಗೋಡೆ ಹಿಡಿದು ಹೋಗುವ ಹಳೆಯ ರೀತಿಯಲ್ಲೇ ಅಗೆದಿದ್ದರೆ ಮೇಲಿನ ಮನೆಯ ನಕ್ಷೆ ಬರೆದುಕೊಂಡು ಗುಂಡಿ ಮುಚ್ಚುತ್ತಿದ್ದರು, ಅಷ್ಟೇ. ಆಚೀಚೆ ಮುಂದುವರಿದ ಅಗೆತದಲ್ಲಿ ಇನ್ನೂ ಹಳೆಯ, ಸ್ಯಾಕ್ಸನ್ ಕಾಲದ ಕಮ್ಮಾರಸಾಲೆಯ ಗುರುತೂ ಸಿಕ್ಕಿತು.

ರೈತರ ಮನೆಗಳ ಬಗ್ಗೆ ತೋಡಿದವರೇ ಎಡವಿದ್ದೂ ಉಂಟು. ಈ ಬಯಲಿನ ಕಲ್ಲು ಚಾಕ್, ಅಂದರೆ ಮೆತ್ತನೆಯ ಬಿಳಿ ಸುಣ್ಣಕಲ್ಲು. ನೀರು ಕುಡಿದು ಹಿಮಕ್ಕೆ ಸಿಕ್ಕರೆ ಪುಡಿಯಾಗುತ್ತದೆ. ಮತ್ತೆ ಮತ್ತೆ ಕಟ್ಟಿದ ತೆಳುಗೋಡೆಗಳನ್ನು ನೋಡಿ, ಪ್ರತಿ ತಲೆಮಾರಿಗೂ ಇಡೀ ಮನೆಯನ್ನೇ ಹೊಸದಾಗಿ ಕಟ್ಟುತ್ತಿದ್ದರು ಎಂದುಕೊಂಡಿದ್ದರು. 1980ರ ದಶಕದಲ್ಲಿ ಪುರಾತತ್ವಜ್ಞ ಸ್ಟುವರ್ಟ್ ರಾಥ್‌ಮೆಲ್ ಬೇರೆ ಲೆಕ್ಕ ಮುಂದಿಟ್ಟರು: ಚಾವಣಿಯ ಭಾರ ಹೊತ್ತದ್ದು ಎದುರುಬದುರು ಬಾಗಿ ಮೇಲೆ ಕೂಡುವ ಮರದ ಜೋಡಿತೊಲೆಗಳು, ಗೋಡೆ ಬರೀ ಮರೆ. ಮರದ ಚೌಕಟ್ಟು ನಿಂತೇ ಇತ್ತು, ಗೋಡೆಯನ್ನಷ್ಟೇ ದುರಸ್ತಿ ಮಾಡುತ್ತಿದ್ದರು. ಇದು ಸರಿಯಾದ ಓದು ಎಂದೇ ತೋರುತ್ತದೆ. ಬಡ ಗುಡಿಸಲು ಎಂದು ಕರೆದದ್ದು ಗಟ್ಟಿ ಮನೆಯೇ ಆಗಿತ್ತು.

ಚರ್ಚಿನ ಗೋಡೆಯನ್ನು ಹತ್ತಿರ ನಿಂತು ನೋಡಿ. ಗೋಡೆಯೊಳಗೆ ಕಮಾನಿನ ಆಕಾರ, ನಡುವೆ ತುಂಬಿಸಿದ ಕಲ್ಲು. ಜನ ಹೆಚ್ಚಿದಾಗ ಪಕ್ಕಕ್ಕೆ ಅಂಕಣ ಸೇರಿಸಿ, ಕಮ್ಮಿಯಾದಾಗ ಅದನ್ನು ಕೆಡವಿ ಕಮಾನು ಮುಚ್ಚಿದ ಗುರುತು ಅದು. ಗೋಪುರದ ಅರ್ಧ 1959ರಲ್ಲಿ ಕುಸಿಯಿತು.

ಅಲ್ಲಿಂದ ದಿಬ್ಬ ಹತ್ತಿ ಉತ್ತರದ ತುದಿಗೆ ನಡೆಯಿರಿ. ಊರಿನ ಎರಡನೆಯ ಮ್ಯಾನರ್ ಅಲ್ಲಿದೆ, ಬಹುಪಾಲು ಅಗೆಯದೆ ಬಿಟ್ಟದ್ದು. ಅಂಗಳ, ಕಟ್ಟಡಗಳ ಅಂಚು ಹುಲ್ಲಿನಡಿ ಇನ್ನೂ ಚೂಪಾಗಿವೆ. ಸೂರ್ಯ ಇಳಿಯುವ ಮೊದಲಿನ ಒಂದು ಗಂಟೆಯನ್ನು ಅಲ್ಲಿಗೇ ಇಟ್ಟುಕೊಳ್ಳಿ.