ಮಕ್ಕಳ ಕ್ರಿಯೇಟಿನಿನ್ ವರದಿಯನ್ನು ಓದುವ ಬಗೆ

ಮಂಡ್ಯ, 9 ಜುಲೈ 2025, ಬುಧವಾರ

ಮದ್ದೂರಿನ ಕಡೆಯ ಆರು ವರ್ಷದ ಹುಡುಗನೊಬ್ಬನ ರಕ್ತಪರೀಕ್ಷೆಯ ವರದಿಯನ್ನು ಇಂದು ನೋಡಿದೆ. ಕ್ರಿಯೇಟಿನಿನ್ ಡೆಸಿಲೀಟರಿಗೆ 0.9 ಮಿಲಿಗ್ರಾಂ ಇತ್ತು, ಪಕ್ಕದಲ್ಲೇ 0.6ರಿಂದ 1.2ರವರೆಗೆ ಸಹಜ ಎಂದು ಅಚ್ಚಾಗಿತ್ತು. “ನಾರ್ಮಲ್ ಅಂತಲೇ ಬಂದಿದೆಯಲ್ಲ ಡಾಕ್ಟ್ರೇ” ಎಂದರು ತಾಯಿ. ಆ ಮಿತಿ ದೊಡ್ಡವರಿಗೆ ಸಂಬಂಧಿಸಿದ್ದು ಎಂದು ವಿವರಿಸಿದೆ. ಬೇರೆ ತಂದೆತಾಯಿಯರಿಗೂ ತಿಳಿದಿರಲೆಂದು ಇಲ್ಲಿಯೂ ಬರೆಯುತ್ತಿದ್ದೇನೆ.

ಕ್ರಿಯೇಟಿನಿನ್ ಸ್ನಾಯುಗಳಲ್ಲಿ ಹುಟ್ಟಿ ರಕ್ತಕ್ಕೆ ಸೇರುವ ತ್ಯಾಜ್ಯ. ಅದನ್ನು ಸೋಸಿ ಹೊರಹಾಕುವುದು ಮೂತ್ರಪಿಂಡಗಳ ಕೆಲಸ. ಮಗುವಿನ ಮೈಯಲ್ಲಿ ಸ್ನಾಯು ಕಡಿಮೆಯಿರುವುದರಿಂದ ಕ್ರಿಯೇಟಿನಿನ್ನೂ ಕಡಿಮೆಯೇ ಹುಟ್ಟುತ್ತದೆ, ಆದ್ದರಿಂದ ಆರು ವರ್ಷದ ಆರೋಗ್ಯವಂತ ಮಗುವಿನಲ್ಲಿ ಅದು ಸುಮಾರು 0.3ರಿಂದ 0.5ರ ಆಸುಪಾಸಿನಲ್ಲಿರುತ್ತದೆ. ಸ್ನಾಯುವಿನ ಪ್ರಮಾಣವನ್ನು ನೇರವಾಗಿ ಅಳೆಯುವುದು ಕಷ್ಟವಾದ್ದರಿಂದ ಅದರ ಬದಲಿಗೆ ಎತ್ತರವನ್ನು ಹಿಡಿದು ಲೆಕ್ಕ ಹಾಕುವ ಸೂತ್ರವನ್ನು ಜಾರ್ಜ್ ಶ್ವಾರ್ಟ್ಸ್ ಮತ್ತು ಅವರ ಸಂಗಡಿಗರು 1976ರಲ್ಲಿ ಕೊಟ್ಟರು. ಸೆಂಟಿಮೀಟರಿನಲ್ಲಿರುವ ಎತ್ತರವನ್ನು 0.55ರಿಂದ ಗುಣಿಸಿ ಕ್ರಿಯೇಟಿನಿನ್‌ನಿಂದ ಭಾಗಿಸಿದರೆ, 1.73 ಚದರ ಮೀಟರ್ ಮೈವಿಸ್ತೀರ್ಣಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವ ಸೋಸಲ್ಪಡುತ್ತದೆ ಎಂಬ ಅಂದಾಜು ಸಿಗುತ್ತದೆ. ಎರಡು ವರ್ಷ ದಾಟಿದ ಮಗುವಿನಲ್ಲಿ ಇದು 90ಕ್ಕಿಂತ ಹೆಚ್ಚಿರಬೇಕು.

ಅಂದು ಕ್ರಿಯೇಟಿನಿನ್ ಅಳೆಯುತ್ತಿದ್ದ ಜಾಫೆ ವಿಧಾನವು ರಕ್ತದಲ್ಲಿನ ಬೇರೆ ವಸ್ತುಗಳನ್ನೂ ಕ್ರಿಯೇಟಿನಿನ್ ಎಂದೇ ಎಣಿಸಿ ಹೆಚ್ಚು ತೋರಿಸುತ್ತಿತ್ತು. ಕಿಣ್ವ ಆಧಾರಿತ ವಿಧಾನ ಬಂದ ಮೇಲೆ, ಮೂತ್ರಪಿಂಡಗಳು ಸೋಸಿ ಹೊರಹಾಕುವ ಅಯೋಹೆಕ್ಸಾಲ್ ಎಂಬ ದ್ರವವನ್ನು ಚುಚ್ಚಿ ನಿಜವಾದ ಸೋಸುವಿಕೆಯನ್ನು ಅಳೆದು ನೋಡಿ, 2009ರಲ್ಲಿ ಶ್ವಾರ್ಟ್ಸ್ ಅವರ ತಂಡವೇ ಗುಣಕವನ್ನು 0.413ಕ್ಕೆ ಇಳಿಸಿತು. ಈ ಹುಡುಗನ ಎತ್ತರ 110 ಸೆಂಟಿಮೀಟರ್. ಹಳೆಯ ಗುಣಕದಲ್ಲಿ ಅವನ ಅಂದಾಜು 67, ಹೊಸದರಲ್ಲಿ 50. ವಯಸ್ಸು ಮತ್ತು ಲಿಂಗಕ್ಕೆ ತಕ್ಕಂತೆ ಗುಣಕ ಬದಲಾಗುವ 2021ರ ಯು25 (25 ವರ್ಷದೊಳಗಿನವರ) ಸೂತ್ರದಲ್ಲಿ ಸುಮಾರು 45. ಹಳೆಯ ಗುಣಕವನ್ನು ಹೊಸ ವಿಧಾನದ ಕ್ರಿಯೇಟಿನಿನ್‌ಗೆ ಹಚ್ಚಿದರೆ ಕಾಯಿಲೆ ಇರುವುದಕ್ಕಿಂತ ಹಗುರವಾಗಿ ಕಾಣುತ್ತದೆ, ಇದು ನನಗೆ ನಿಜವಾಗಿಯೂ ಆತಂಕ ತರುವ ಸಂಗತಿ.

ಎತ್ತರದಲ್ಲಿ ಎರಡು ಸೆಂಟಿಮೀಟರ್ ವ್ಯತ್ಯಾಸವಾದರೆ ಉತ್ತರ ಒಂದರಷ್ಟು ಮಾತ್ರ ಬದಲಾಗುತ್ತದೆ, ಆದರೆ ಕ್ರಿಯೇಟಿನಿನ್ 0.9ರ ಬದಲು 0.8 ಎಂದು ಬಂದರೆ 50 ಇದ್ದದ್ದು 57ರ ಹತ್ತಿರ ಹೋಗುತ್ತದೆ. ಆದಕಾರಣ ಪರೀಕ್ಷೆಯನ್ನು ಪ್ರತಿಸಲವೂ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಯಾವ ವಿಧಾನ ಬಳಸುತ್ತಾರೆಂದು ಕೇಳಿ ತಿಳಿದುಕೊಳ್ಳುವುದು ಅಗತ್ಯ. ಸೋಸುವಿಕೆಯ ಇಳಿಕೆ ಮೂರು ತಿಂಗಳು ಮೀರಿ ಉಳಿದರೆ ಮಾತ್ರ ದೀರ್ಘಕಾಲದ ಕಾಯಿಲೆ ಎನ್ನುತ್ತೇವೆ. ಹಾಗೆಂದು ಸ್ಕ್ಯಾನಿಂಗನ್ನು ಮುಂದೂಡುವುದು ಸರಿಯಲ್ಲ, ಏಕೆಂದರೆ ಗಂಡುಮಕ್ಕಳ ಮೂತ್ರನಾಳದಲ್ಲಿ ಹುಟ್ಟಿನಿಂದಲೇ ಇರುವ ಕವಾಟದಂಥ ಅಡ್ಡಿಗಳು ಅದರಿಂದಲೇ ಮೊದಲು ಬಯಲಾಗುವುದುಂಟು.

ತೀರಾ ಸೊರಗಿದ ಮಕ್ಕಳಲ್ಲಿ ಸೂತ್ರ ಮೋಸ ಮಾಡುತ್ತದೆ. ಸ್ನಾಯುವೇ ಇಲ್ಲದ ಮೈಯಲ್ಲಿ ಕ್ರಿಯೇಟಿನಿನ್ ಏರುವುದೇ ಇಲ್ಲ, ಕಿಡ್ನಿ ಚೆನ್ನಾಗಿರುವಂತೆ ತೋರುತ್ತದೆ. ಅಲ್ಲಿ ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ನೆರವಾಗುತ್ತದೆ, ಆದರೆ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವ ನೆಫ್ರೋಟಿಕ್ (ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾಯಿಲೆಯ) ಮಕ್ಕಳಲ್ಲಿ ಔಷಧಿಯಿಂದಲೇ ಅದು ಹೆಚ್ಚುವುದರಿಂದ ಅದನ್ನೂ ಎಚ್ಚರದಿಂದ ನೋಡಬೇಕು. ಹಸುಗೂಸಿನಲ್ಲಂತೂ ಮೊದಲ ಕೆಲವು ದಿನಗಳ ಕ್ರಿಯೇಟಿನಿನ್ ಬಹುಮಟ್ಟಿಗೆ ತಾಯಿಯದೇ.

ವಾಂತಿಭೇದಿಯಿಂದ ಬಸವಳಿದು ಬಂದ ಮಗುವಿಗೆ ಈ ಯಾವ ಸೂತ್ರವೂ ಹೊಂದುವುದಿಲ್ಲ. ಸೋಸುವಿಕೆ ನಿಂತೇಹೋಗಿದ್ದರೂ ಕ್ರಿಯೇಟಿನಿನ್ ಏರಲು ಒಂದೆರಡು ದಿನ ಹಿಡಿಯುವುದರಿಂದ, ಅಂಥ ಮಗುವಿಗೆ ಕಿಡ್ನಿಯ ಮೂಲಕವೇ ಹೊರಹೋಗುವ ಅಮಿಕಾಸಿನ್‌ನಂಥ ಆ್ಯಂಟಿಬಯಾಟಿಕ್ ಔಷಧಿಯನ್ನು ವರದಿಯ ಅಂಕಿ ನಂಬಿ ಪೂರ್ತಿ ಪ್ರಮಾಣದಲ್ಲಿ ಕೊಡಬಾರದು. ಮಗು ಎಷ್ಟು ಮೂತ್ರ ಮಾಡುತ್ತಿದೆ ಎಂಬುದನ್ನು ಗಂಟೆಗಂಟೆಗೂ ಅಳೆದು ಬರೆಯುತ್ತಿರಬೇಕು.